ನಮ್ಮ ಕ್ಯಾಲೆಂಡರ್ ಕೈಲಿಟ್ಟುಕೊಂಡವರಿಗೆ ಒಂದು ಬಹಿರಂಗ ಪತ್ರ

ಆಫೀಸು ನಡೆಸುವ ಎಲ್ಲ ಎಂಡಿಗಳಿಗೆ, ಎಚ್‌ಆರ್ ಮುಖ್ಯಸ್ಥರಿಗೆ, ಮ್ಯಾನೇಜರುಗಳಿಗೆ,

ನಮಸ್ಕಾರ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಹನ್ನೊಂದು ಇಪ್ಪತ್ತಕ್ಕೆ ನಮ್ಮ ಟೀಮಿನ ಒಬ್ಬ ಹುಡುಗನಿಗೆ ಮೆಸೇಜ್ ಹಾಕಿದೆ. ಯಾವುದೋ ಶೀಟಿನಲ್ಲಿ ಒಂದು ಕಾಲಂ ತಪ್ಪಿತ್ತು, ಅಷ್ಟೇ. ‘ಅರ್ಜೆಂಟ್ ಏನಿಲ್ಲ, ನಾಳೆ ನೋಡಿದ್ರೆ ಸಾಕು’ ಅಂತ ಕೊನೆಗೆ ಸೇರಿಸಿದ್ದೆ. ಹಾಗೆ ಸೇರಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಬೇರೆ, ಎಷ್ಟು ಒಳ್ಳೆಯ ಲೀಡ್ ನಾನು ಅಂತ. ಫೋನ್ ಕೆಳಗಿಡುವ ಮೊದಲೇ ಉತ್ತರ ಬಂತು: ‘ನೋಡ್ತಾ ಇದೀನಿ ಮೇಡಂ.’ ಅವನು ಮಲಗಿ ಅರ್ಧ ಗಂಟೆಯಾಗಿತ್ತಂತೆ. ಅದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ, ಅವನು ಕೆಲಸ ಬಿಡುವ ದಿನ. ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದನಂತೆ. ನನ್ನ ಹೆಸರಿಗೆ ಬೇರೆ ರಿಂಗ್‌ಟೋನ್ ಇಟ್ಟಿದ್ದನಂತೆ.

ಆ ರಿಂಗ್‌ಟೋನ್ ವಿಷಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಬ್ಬರ ನಿದ್ದೆಯಲ್ಲಿ ನನಗೆ ಅಂತಲೇ ಒಂದು ಸದ್ದು ಇತ್ತು, ಅಲ್ವಾ?

ಆದ್ದರಿಂದ, ಕೆಲಸದಲ್ಲಿ ಜನ ಬಳಲಿ ಮುಗಿದುಹೋಗುವ ಬಗ್ಗೆ, ಅವರಿಗೆ ಸಿಗದ ಬಿಡುವಿನ ಬಗ್ಗೆ ಇರುವ ಈ ಪತ್ರವನ್ನು ನಾನು ಬರೀ ದೂರು ಅಂತ ಬರೆಯುತ್ತಿಲ್ಲ. ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ, ಅದರಲ್ಲಿ ಕೊನೆಯ ಐದು ವರ್ಷ ಒಂಬತ್ತು ಜನರ ಟೀಮು ನಡೆಸಿದ್ದೇನೆ. ಸುಟ್ಟುಕೊಂಡವಳೂ ನಾನೇ, ಕಡ್ಡಿ ಗೀರಿದವಳೂ ನಾನೇ.

ತಮಾಷೆ ಅಂದರೆ, ಆ ಮೆಸೇಜ್ ಕಳಿಸಿದ ದಿನಗಳಲ್ಲಿ ನಾನೂ ಒಳಗೊಳಗೇ ಮುಗಿದುಹೋಗಿದ್ದೆ. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಮೂರು ಸಾಲಿನ ಒಂದು ಮೇಲ್ ತೆರೆದೆ. ಒಪ್ಪಿಗೆ ಕೊಡಬೇಕಿತ್ತು. ‘ಸರಿ’ ಅಂತ ಒಂದು ಪದ ಹೊಡೆದಿದ್ದರೆ ಆಗುತ್ತಿತ್ತು. ಹತ್ತೂ ನಲವತ್ತಕ್ಕೆ ನೋಡಿದರೆ ಇನ್ನೂ ಅದೇ ಮೇಲ್ ಮುಂದೆ ಕೂತಿದ್ದೇನೆ. ಓದುತ್ತೇನೆ, ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೇ ಸಾಲು ಮರೆತುಹೋಗಿರುತ್ತದೆ. ಫೋನ್ ಮೇಜಿನ ಮೇಲೆ ಕಣ್ಣೆದುರಿಗೇ ಇದ್ದರೂ ತೊಡೆಯ ಹತ್ತಿರ ವೈಬ್ರೇಟ್ ಆದ ಹಾಗೆ ಅನ್ನಿಸುತ್ತಿತ್ತು. ಸ್ನಾನ ಮಾಡುವಾಗ ನೀರಿನ ಸದ್ದಿನೊಳಗೆ ಪಿಂಗ್ ಕೇಳಿಸುತ್ತಿತ್ತು. ನಲ್ಲಿ ನಿಲ್ಲಿಸಿ, ಸೋಪು ಮೆತ್ತಿದ ಮೈಯಲ್ಲಿ ನಿಂತು ಕಿವಿಗೊಟ್ಟರೆ ಏನೂ ಇಲ್ಲ. ಡಾಕ್ಟರ್ ಹತ್ತಿರ ಹೋದೆ. ರಕ್ತ ಪರೀಕ್ಷೆ, ಅದು ಇದು ಎಲ್ಲಾ ಆಯಿತು, ಎಲ್ಲವೂ ನಾರ್ಮಲ್. ‘ಸ್ವಲ್ಪ ರೆಸ್ಟ್ ತಗೊಳ್ಳಿ’ ಅಂದರು. ಎಲ್ಲಿಂದ ತಗೊಳ್ಳಲಿ?

ಈ ಸ್ಥಿತಿಗೆ ಬರ್ನ್‌ಔಟ್ ಅಂತ ಹೆಸರು ಕೊಟ್ಟು 1974ರಲ್ಲೇ ಬರೆದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರನ್ನು, ತಮ್ಮನ್ನೂ ಸೇರಿಸಿಕೊಂಡು, ಹತ್ತಿರದಿಂದ ನೋಡಿ ಬರೆದರು. ಬೇಕಾಬಿಟ್ಟಿ ಕೆಲಸ ಮಾಡುವವರಿಗಿಂತ ಮನಸ್ಸಿಟ್ಟು ದುಡಿಯುವವರೇ ಈ ಗುಂಡಿಗೆ ಬೀಳುತ್ತಾರೆ ಅಂತ ಅವರು ಆಗಲೇ ಹೇಳಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೇ ಆವೃತ್ತಿಯಲ್ಲಿ ಇದನ್ನು ಸೇರಿಸಿತು. ಆದರೆ ರೋಗ ಅಂತ ಸೇರಿಸಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸಮಸ್ಯೆ ಅಂತ ಸೇರಿಸಿತು. ಕೆಲಸದ ಜಾಗದ ಒತ್ತಡವನ್ನು ಬಹಳ ಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟರೆ ಬರುವಂಥದ್ದು ಅಂತ ಅಲ್ಲಿ ಬರೆದಿದೆ. ಗುರುತುಗಳು ಮೂರು: ಮೈಮನಸ್ಸಿನ ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಜಿಗುಪ್ಸೆ ಹುಟ್ಟುವುದು, ಕೈಯಲ್ಲಿ ಕೆಲಸ ಸಾಗದೆ ಇರುವುದು.

ಮೊದಲನೆಯದು ನಿಮಗೂ ಕಾಣುತ್ತದೆ. ಮೂರನೆಯದು ಅಪ್ರೈಸಲ್‌ನಲ್ಲಿ ನಿಮಗೆ ಚೆನ್ನಾಗಿಯೇ ಕಾಣುತ್ತದೆ. ಎರಡನೆಯದರ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಅದನ್ನು ನೀವು ತಪ್ಪಾಗಿ ಓದುತ್ತೀರಿ. ನಾನೂ ತಪ್ಪಾಗಿಯೇ ಓದಿದ್ದೆ.

ಆ ಹುಡುಗ ಮೊದಮೊದಲು ಮೀಟಿಂಗಿನಲ್ಲಿ ಜಗಳವಾಡುತ್ತಿದ್ದ. ‘ಈ ಡೇಟ್ ಆಗಲ್ಲ ಮೇಡಂ, ಟೆಸ್ಟಿಂಗ್‌ಗೇ ನಾಲ್ಕು ದಿನ ಬೇಕು’ ಅನ್ನುತ್ತಿದ್ದ. ಹಠ ಮಾಡಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದ. ನನಗೆ ಕಿರಿಕಿರಿ ಆಗುತ್ತಿತ್ತು. ಆಮೇಲೆ ಒಂದು ಹಂತದಲ್ಲಿ ಸುಮ್ಮನಾದ. ಏನು ಹೇಳಿದರೂ ‘ಓಕೆ.’ ಡೇಟ್ ಎರಡು ದಿನ ಹಿಂದಕ್ಕೆ ತಂದರೂ ‘ಓಕೆ.’ ಹುಡುಗ ಪಳಗಿದ, ಪ್ರೌಢನಾದ ಅಂತ ನಾನು ಅಂದುಕೊಂಡೆ, ಆ ವರ್ಷದ ಅಪ್ರೈಸಲ್‌ನಲ್ಲಿ ಹಾಗೇ ಬರೆದೂಬಿಟ್ಟೆ. ಅವನು ಪಳಗಿರಲಿಲ್ಲ, ಆ ಕೆಲಸ ಏನಾದರೂ ಅವನಿಗೇನೂ ಅನ್ನಿಸುತ್ತಿರಲಿಲ್ಲ ಅಷ್ಟೇ. ಜಗಳ ಆಡುವಷ್ಟು ಕಾಳಜಿ ಉಳಿದಿರಲಿಲ್ಲ. ಮೌನದ ಬಗ್ಗೆ ಈ ಪತ್ರದಲ್ಲಿ ಮುಂದೆ ಬಹಳ ಮಾತಾಡಲಿದ್ದೇನೆ, ಅದಕ್ಕೇ ಇದನ್ನು ಈಗಲೇ ಬೇರೆ ಇಟ್ಟುಬಿಡುತ್ತೇನೆ: ನಾನು ಕೇಳುತ್ತಿರುವುದು ಈ ಮೌನವನ್ನಲ್ಲ. ಈ ಮೌನ ನಿಮ್ಮ ಆಫೀಸಿನಲ್ಲಿ ಈಗಾಗಲೇ ಬೇಕಾದಷ್ಟಿದೆ.

ಇನ್ನು ನಿಮ್ಮ ಪರಿಹಾರಕ್ಕೆ ಬರೋಣ.

ನಮ್ಮಲ್ಲಿ ಜನ ಒಬ್ಬರ ಹಿಂದೆ ಒಬ್ಬರು ಬಿಟ್ಟು ಹೋಗತೊಡಗಿದಾಗ ಎಚ್‌ಆರ್‌ನವರು ಒಂದು ‘ವೆಲ್‌ನೆಸ್ ವಾರ’ ಮಾಡಿದರು. ಅದರಲ್ಲಿ ಒಂದು ಆನ್‌ಲೈನ್ ಧ್ಯಾನ. ಮಧ್ಯಾಹ್ನ ಒಂದರಿಂದ ಎರಡು, ಅಂದರೆ ಊಟದ ಹೊತ್ತು. ಕಡ್ಡಾಯ. ಕ್ಯಾಮೆರಾ ಆನ್ ಇರಬೇಕು, ಹಾಜರಿ ತೆಗೆದುಕೊಳ್ಳುತ್ತಾರೆ. ಎಲ್ಲರೂ ಕಣ್ಣು ಮುಚ್ಚಿದೆವು. ‘ಉಸಿರು ನಿಧಾನವಾಗಿ ಒಳಗೆ ತಗೊಳ್ಳಿ... ಬಿಡಿ...’ ಅಂತ ಆಯಮ್ಮ ಬಹಳ ಚೆನ್ನಾಗಿಯೇ ಹೇಳಿಕೊಡುತ್ತಿದ್ದರು. ಆ ನಿಶ್ಶಬ್ದದಲ್ಲಿ ಯಾರದೋ ಮೈಕ್‌ನಿಂದ ಟಕಟಕ ಟಕಟಕ ಅಂತ ಕೀಬೋರ್ಡ್ ಸದ್ದು. ಕಣ್ಣು ಮುಚ್ಚಿಕೊಂಡೇ ಯಾರೋ ರಿಪೋರ್ಟ್ ಟೈಪ್ ಮಾಡುತ್ತಿದ್ದರು, ಮ್ಯೂಟ್ ಮಾಡಲು ಮರೆತಿದ್ದರು. ಯಾರೂ ನಗಲಿಲ್ಲ, ಅದೇ ನನಗೆ ಜಾಸ್ತಿ ಬೇಜಾರಾಗಿದ್ದು. ಎರಡು ಗಂಟೆಗೆ ಸೆಷನ್ ಮುಗಿಯಿತು, ಎರಡು ಗಂಟೆಗೇ ಸ್ಟೇಟಸ್ ಕಾಲ್ ಇತ್ತು. ಸಂಜೆಯೊಳಗೆ ಫೀಡ್‌ಬ್ಯಾಕ್ ಫಾರಂ ತುಂಬಬೇಕು ಅಂತ ಎರಡು ರಿಮೈಂಡರ್ ಬಂದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇದು. ಜ್ವರ ಬಂದಿರುವುದು ಕೆಲಸ ಹಂಚುವ ರೀತಿಗೆ. ಬರೆ ಮಾತ್ರ ಕೆಲಸ ಮಾಡುವವರ ಉಸಿರಾಟಕ್ಕೆ.

ಇದು ಬರೀ ನನ್ನ ಹೊಟ್ಟೆಯುರಿ ಅಂದುಕೊಳ್ಳಬೇಡಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಎಂಬ ಸಂಶೋಧಕರು ಬ್ರಿಟನ್ನಿನ 233 ಸಂಸ್ಥೆಗಳ 46,336 ಕೆಲಸಗಾರರ ಮಾಹಿತಿ ಇಟ್ಟುಕೊಂಡು ಬರೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ, ಇಂಥವುಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗಿದ್ದಾರೆ ಅನ್ನುವುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಸ್ವಯಂಸೇವೆಯ ಅವಕಾಶ ಒಂದು ಮಾತ್ರ ಸ್ವಲ್ಪ ಬೇರೆ ಥರ ಕಂಡಿತು. ಧ್ಯಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಾನೇ ದಿನಾ ಬೆಳಿಗ್ಗೆ ಹತ್ತು ನಿಮಿಷ ಕೂರುತ್ತೇನೆ. ಆದರೆ ಸೋರುವ ಬಿಂದಿಗೆಗೆ ಎಷ್ಟು ನೀರು ಹೊಯ್ದರೇನು?

ರಜೆಯ ಕಥೆಯೂ ಅಷ್ಟೇ. ಡಾಕ್ಟರ್ ಹೇಳಿದರು ಅಂತ ಹತ್ತು ದಿನ ರಜೆ ಹಾಕಿದೆ. ಹೊರಡುವ ಹಿಂದಿನ ವಾರ, ಬಿಟ್ಟು ಹೋಗುವ ಕೆಲಸವನ್ನೆಲ್ಲ ಮುಗಿಸಲು ದಿನಾ ಹನ್ನೆರಡು ಗಂಟೆ ಕೂತೆ. ರಜೆಯಲ್ಲಿ ಲ್ಯಾಪ್‌ಟಾಪ್ ಜೊತೆಗೇ ಇತ್ತು, ‘ಸುಮ್ನೆ ಇರಲಿ, ಎಮರ್ಜೆನ್ಸಿ ಬಂದ್ರೆ’ ಅಂತ. ತೆರೆದಿದ್ದು ನಾಲ್ಕು ಸಲವಷ್ಟೇ. ಆದರೆ ಆ ಹತ್ತೂ ದಿನ ಅದು ಬ್ಯಾಗಿನಲ್ಲಿದೆ ಅನ್ನುವುದು ತಲೆಯಲ್ಲಿತ್ತು. ವಾಪಸ್ ಬಂದ ದಿನ ಓದದ ಮೇಲ್‌ಗಳು ನಾನೂರು ಚಿಲ್ಲರೆ. ಮಧ್ಯಾಹ್ನದ ಹೊತ್ತಿಗೆ ರಜೆ ಹೋಗಿದ್ದು ನಾನೇನಾ ಅನ್ನಿಸಿತು.

ಸಬೀನೆ ಸೊನ್ನೆನ್‌ಟಾಗ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞೆ ಈ ವಿಷಯದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಹೇಳುವುದರ ತಿರುಳು ಇದು: ಕೆಲಸ ನಿಲ್ಲಿಸಿದರೆ ಸಾಲದು, ಮನಸ್ಸು ಕೆಲಸದಿಂದ ಕಳಚಿಕೊಳ್ಳಬೇಕು. ದೇಹ ಸೋಫಾದ ಮೇಲಿದ್ದು ತಲೆ ನಾಳೆಯ ರಿವ್ಯೂನಲ್ಲಿದ್ದರೆ ಅದು ವಿಶ್ರಾಂತಿ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲೊಂದು ಸಿಕ್ಕು ಇದೆ. ಒತ್ತಡ ಜಾಸ್ತಿ ಇದ್ದಷ್ಟೂ ಕಳಚಿಕೊಳ್ಳುವುದು ಕಷ್ಟ. ಅಂದರೆ ಯಾರಿಗೆ ವಿಶ್ರಾಂತಿ ಅತಿ ಹೆಚ್ಚು ಬೇಕೋ ಅವರ ಕೈಗೇ ಅದು ಅತಿ ಕಡಿಮೆ ಸಿಗುತ್ತದೆ. ಅಂಥವರಿಗೆ ‘ರೆಸ್ಟ್ ಮಾಡಿ, ನಿಮ್ಮ ಆರೋಗ್ಯ ನಿಮ್ಮ ಕೈಲಿದೆ’ ಅಂತ ಪೋಸ್ಟರ್ ಅಂಟಿಸುತ್ತೀರಲ್ಲ, ಅವರ ಕೈಲಿ ಏನಿದೆ ಹೇಳಿ? ಕ್ಯಾಲೆಂಡರ್ ನಿಮ್ಮ ಕೈಲಿದೆ. ಮೀಟಿಂಗ್ ಎಷ್ಟು ಹೊತ್ತಿಗೆ ಅಂತ ಇಡುವವರು ನೀವು. ಡೇಟ್ ಕೊಡುವವರೂ ನೀವೇ. ರಾತ್ರಿ ಮೇಲ್ ಕಳಿಸುವವರೂ, ಎಲ್ಲರಲ್ಲ ಅಂದರೂ ಬಹಳಷ್ಟು ಸಲ, ನೀವೇ. ನಮ್ಮ ದಿನದ ಗದ್ದಲವನ್ನು ಆ ಕ್ಯಾಲೆಂಡರಿನಲ್ಲಿ ತುಂಬಿಸಿದವರು ನೀವಾದ ಮೇಲೆ, ನಿಶ್ಶಬ್ದವನ್ನೂ ನೀವೇ ಅಲ್ಲಿ ತುಂಬಿಸಬೇಕು. ಈ ಪತ್ರದಲ್ಲಿ ನನಗೆ ಹೇಳಲಿಕ್ಕಿರುವುದು ಇದೊಂದೇ, ಉಳಿದಿದ್ದೆಲ್ಲ ಇದರ ವಿವರ.

ಪ್ರಾಣದ ಲೆಕ್ಕವನ್ನೂ ಒಂದು ಸಲ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಅತಿಯಾದ ಕೆಲಸದ ಅವಧಿಯಿಂದಾಗಿ 2016ರ ಒಂದೇ ವರ್ಷದಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ ಸುಮಾರು 7,45,000 ಜನ ಸತ್ತರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಜಾಸ್ತಿ. ‘ನಮ್ಮ ಹುಡುಗರು ವಾರಕ್ಕೆ ಅರವತ್ತು ಗಂಟೆ ನಗುನಗುತ್ತಾ ಹಾಕ್ತಾರೆ’ ಅಂತ ವೇದಿಕೆಯ ಮೇಲೆ ಹೇಳಿಕೊಳ್ಳುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಗುವವರು ಯಾರು ಅಂತ ತಿರುಗಿ ನೋಡಿದ್ದೇನೆ, ಸಿಗಲಿಲ್ಲ.

ಈಗ ಮೌನ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮೌನ ಅಂದ ತಕ್ಷಣ ನಿಮಗೆ ಆಶ್ರಮ, ಬೆಟ್ಟ, ಬಿಳಿ ಬಟ್ಟೆ ನೆನಪಾಗುತ್ತದೆ. ನನಗೆ ನೆನಪಾಗುವುದು ವಿಮಾನ.

ಫ್ರಾಯ್ಡೆನ್‌ಬರ್ಗರ್ ಬರೆದ ಅದೇ 1974ರಲ್ಲಿ, ಸೆಪ್ಟೆಂಬರ್ ತಿಂಗಳು, ಅಮೆರಿಕದ ಷಾರ್ಲಟ್ ಎಂಬಲ್ಲಿ ಮಂಜು ಕವಿದ ಒಂದು ಬೆಳಿಗ್ಗೆ ಇಳಿಯಲು ಬರುತ್ತಿದ್ದ ಒಂದು ವಿಮಾನ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿಯಿತು. 70ಕ್ಕೂ ಹೆಚ್ಚು ಜನ ಸತ್ತರು. ಕಾಕ್‌ಪಿಟ್ಟಿನ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಗಿದ್ದೇನು ಅಂದರೆ, ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ರಾಜಕೀಯ, ಹಳೇ ಕಾರು ಅಂತ ಕಾಡುಹರಟೆಯಲ್ಲಿದ್ದರು. ಎತ್ತರದ ಕಡೆ ಗಮನ ತಪ್ಪಿತ್ತು. ಇಂಥ ಅಪಘಾತಗಳನ್ನೆಲ್ಲ ನೋಡಿ 1981ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಒಂದು ನಿಯಮ ತಂದಿತು. ವಿಮಾನ ಏರುವಾಗ, ಇಳಿಯುವಾಗ, ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ಕಾಕ್‌ಪಿಟ್ಟಿನಲ್ಲಿ ಕೆಲಸಕ್ಕೆ ಬೇಕಾದ್ದು ಬಿಟ್ಟು ಬೇರೆ ಮಾತಿಲ್ಲ, ಬೇರೆ ಕೆಲಸವೂ ಇಲ್ಲ. ಪೈಲಟ್‌ಗಳು ಇದನ್ನು ‘ಸ್ಟೆರೈಲ್ ಕಾಕ್‌ಪಿಟ್’ ಅನ್ನುತ್ತಾರೆ. ನೋಡಿ, ಪೈಲಟ್‌ಗಳಿಗೆ ಏಕಾಗ್ರತೆ ಹೆಚ್ಚಿಸುವ ವರ್ಕ್‌ಶಾಪ್ ಮಾಡಿ ಕೈತೊಳೆದುಕೊಳ್ಳಲಿಲ್ಲ. ಮೌನ ಎಲ್ಲಿಂದ ಎಲ್ಲಿಯವರೆಗೆ ಅಂತ ಅಡಿ ಲೆಕ್ಕದಲ್ಲಿ ಗೆರೆ ಎಳೆದರು.

ನಮ್ಮ ಕೆಲಸದಲ್ಲಿ ಯಾರೂ ಸಾಯುವುದಿಲ್ಲ ಅನ್ನುತ್ತೀರಿ, ನಿಜ. ಆದರೆ ತಲೆ ಅದೇ ತಲೆ. ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಆಫೀಸುಗಳಲ್ಲಿ ಜನರ ಬೆನ್ನ ಹಿಂದೆಯೇ ನಿಂತು ಸಮಯ ಅಳೆದವರು. ಅಡ್ಡಿಯಿಂದ ಬಿಟ್ಟುಹೋದ ಕೆಲಸಕ್ಕೆ ಮರಳಲು ಜನ ಸರಾಸರಿ 23 ನಿಮಿಷದಷ್ಟು ತೆಗೆದುಕೊಳ್ಳುತ್ತಿದ್ದರು ಅಂತ ಅವರು ಹೇಳಿದ್ದಾರೆ, ಯಾಕೆಂದರೆ ನಡುವೆ ಇನ್ನೊಂದು, ಮತ್ತೊಂದು ಕೆಲಸ ತೂರಿಕೊಳ್ಳುತ್ತದೆ. ಸೋಫಿ ಲೆರಾಯ್ ಎಂಬ ಇನ್ನೊಬ್ಬ ಸಂಶೋಧಕಿ 2009ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದಿಷ್ಟು ಪಾಲು ಹಳೇ ಕೆಲಸದಲ್ಲೇ ಉಳಿದುಬಿಡುತ್ತದೆ. ಪಾತ್ರೆಯ ತಳದಲ್ಲಿ ಗಸಿ ಉಳಿದ ಹಾಗೆ. ತೊಳೆಯದೆ ಅದರ ಮೇಲೇ ಇನ್ನೊಂದು ಹಾಕುತ್ತಾ ಹೋದರೆ ಸಂಜೆ ಆರಕ್ಕೆ ಆ ಪಾತ್ರೆ ಹೇಗಿರುತ್ತದೋ, ನಮ್ಮ ತಲೆ ಹಾಗಿರುತ್ತದೆ. ‘ಇವತ್ತು ಏನೂ ಕೆಲಸವೇ ಆಗಲಿಲ್ಲ, ಆದ್ರೂ ಸುಸ್ತು’ ಅಂತ ಮನೆಗೆ ಹೋಗುವವರು ಸುಳ್ಳು ಹೇಳುತ್ತಿಲ್ಲ.

ಇಟಲಿಯ ಲುಚಾನೊ ಬೆರ್ನಾರ್ಡಿ ಮತ್ತು ಜೊತೆಯವರ 2006ರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಬೇರೆ ಬೇರೆ ಥರದ ಸಂಗೀತ ಕೇಳುವಾಗ ಹೃದಯ, ರಕ್ತದೊತ್ತಡ, ಉಸಿರಾಟ ಹೇಗೆ ಬದಲಾಗುತ್ತವೆ ಅಂತ ನೋಡಲು ಹೊರಟಿದ್ದರು. ಹಾಡುಗಳ ನಡುವೆ ಎಲ್ಲೋ ಒಂದು ಕಡೆ ಎರಡು ನಿಮಿಷದ ಮೌನ ಸೇರಿಸಿದ್ದರು. ಕೊನೆಗೆ ದೇಹ ಎಲ್ಲಕ್ಕಿಂತ ಹೆಚ್ಚು ಸಡಿಲವಾಗಿದ್ದು ಆ ಎರಡು ನಿಮಿಷದಲ್ಲಿ. ಪ್ರಯೋಗ ಶುರುವಾಗುವ ಮೊದಲು ಸುಮ್ಮನೆ ಕೂತಿದ್ದಾಗ ಇದ್ದುದಕ್ಕಿಂತಲೂ ಹೃದಯದ ಬಡಿತ, ರಕ್ತದೊತ್ತಡ, ಉಸಿರಾಟ ಕೆಳಗೆ ಇಳಿದವು. ಕೇವಲ 24 ಜನರ ಮೇಲೆ ಮಾಡಿದ ಸಣ್ಣ ಪ್ರಯೋಗ ಅದು, ಇದನ್ನೇ ವೇದವಾಕ್ಯ ಅನ್ನಲಾರೆ. ಆದರೆ ಸದ್ದಿನ ನಡುವೆ ಬರುವ ಮೌನಕ್ಕೆ ಬೇರೆಯೇ ರುಚಿ ಇದೆ ಅನ್ನುವುದು ನಮಗೆಲ್ಲ ಅನುಭವಕ್ಕೆ ಬಂದಿದ್ದೇ, ಅಲ್ವಾ? ತಾಸುಗಟ್ಟಲೆ ಗುಯ್‌ಗುಟ್ಟುತ್ತಿದ್ದ ಫ್ಯಾನ್ ನಿಂತಾಗಲೇ ಇಷ್ಟು ಹೊತ್ತು ಅದು ಗುಯ್‌ಗುಟ್ಟುತ್ತಿತ್ತು ಅಂತ ಗೊತ್ತಾಗುವುದು. ಭುಜ ತಾನಾಗಿಯೇ ಒಂದಿಂಚು ಕೆಳಗಿಳಿಯುತ್ತದೆ.

ಆ ಹುಡುಗ ಬಿಟ್ಟುಹೋದ ಮೇಲೆ ನಾನು ಒಂದು ಕೆಲಸ ಮಾಡಿದೆ. ಯಾರ ಅನುಮತಿಯನ್ನೂ ಕೇಳಲಿಲ್ಲ, ಕೇಳಿದ್ದರೆ ಒಂದು ಕಮಿಟಿ ಆಗುತ್ತಿತ್ತು. ನಮ್ಮ ಟೀಮಿಗೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಚಾಟ್ ಬಂದ್, ಮೀಟಿಂಗ್ ಬಂದ್, ಭುಜ ತಟ್ಟಿ ‘ಒಂದೇ ನಿಮಿಷ’ ಅನ್ನುವುದೂ ಬಂದ್. ಒಂದು ಹಳೇ ಬಟನ್ ಫೋನ್ ತಂದು ಮೇಜಿನ ಮೇಲಿಟ್ಟೆ. ಅದರ ನಂಬರನ್ನು ಅಕ್ಕಪಕ್ಕದ ಇಲಾಖೆಗಳಿಗೆಲ್ಲ ಕೊಟ್ಟು, ನಿಜವಾಗಿ ಬೆಂಕಿ ಬಿದ್ದಿದ್ದರೆ ಇದಕ್ಕೆ ಫೋನ್ ಮಾಡಿ ಅಂದೆ. ದಿನಕ್ಕೊಬ್ಬರಂತೆ ಸರದಿಯಲ್ಲಿ ಆ ಫೋನ್ ನೋಡಿಕೊಳ್ಳಬೇಕು, ಉಳಿದವರು ಅದರ ಕಡೆ ತಿರುಗಲೂ ಬಾರದು.

ಮೊದಲ ವಾರ ಸುಲಭವಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ಒದ್ದಾಡಿದವಳು ನಾನೇ. ಕೈ ತಾನಾಗಿ ಮೌಸ್ ಹಿಡಿದು ಚಾಟ್ ಕಿಟಕಿ ತೆರೆಯುತ್ತಿತ್ತು. ಏನೋ ತಪ್ಪು ನಡೆಯುತ್ತಿದೆ, ನನಗೆ ಗೊತ್ತಾಗುತ್ತಿಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ. ಪಕ್ಕದ ಇಲಾಖೆಯ ಒಬ್ಬರು ಬಂದು ನಮ್ಮ ಮೇಜಿನ ಹತ್ತಿರ ನಿಂತೇ ಇರುತ್ತಿದ್ದರು, ಮಾತಾಡುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಎರಡನೇ ವಾರ ಕೆಮ್ಮು ನಿಂತಿತು. ಮೂರನೇ ವಾರದಲ್ಲಿ ಒಂದು ದಿನ ತಲೆಯೆತ್ತಿ ನೋಡಿದರೆ ಹನ್ನೆರಡೂ ಹತ್ತು ಆಗಿತ್ತು, ಯಾರೂ ಎದ್ದಿರಲಿಲ್ಲ. ಎದುರಿನ ಹುಡುಗಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಏನೋ ಬಾಣ, ಚೌಕ ಬರೆಯುತ್ತಿದ್ದಳು. ಅವಳ ಕೈಯಲ್ಲಿ ಪೆನ್ಸಿಲ್ ನೋಡಿದ್ದೇ ನಾನು ಮೊದಲ ಸಲ. ಆ ಫೋನು ಎರಡು ತಿಂಗಳಲ್ಲಿ ಹೊಡೆದಿದ್ದು ಮೂರು ಸಲ. ಅದರಲ್ಲಿ ಒಂದು ರಾಂಗ್ ನಂಬರ್.

ಪವಾಡ ಏನೂ ಆಗಲಿಲ್ಲ. ಕೆಲಸ ಎರಡು ಪಟ್ಟಾಯಿತು ಅಂತ ನಾನು ಹೇಳಿದರೆ ನಂಬಬೇಡಿ. ಆದರೆ ಸಂಜೆ ಆರೂವರೆಗೆ ಹೊರಡುವವರು ಜಾಸ್ತಿಯಾದರು. ಮೀಟಿಂಗಿನಲ್ಲಿ ಜಗಳ ಮತ್ತೆ ಶುರುವಾಯಿತು. ಆ ಜಗಳ ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ನಿಮಗೆ ಅರ್ಥವಾಗುತ್ತದೋ ಇಲ್ಲವೋ.

ಆಮೇಲೆ ಹೊಸ ಬಾಸ್ ಬಂದರು. ಒಂದು ದಿನ ಹನ್ನೊಂದಕ್ಕೆ ನಮ್ಮ ಸಾಲಿನ ಪಕ್ಕ ನಡೆದುಹೋಗುತ್ತಾ ನಿಂತು, ‘ಯಾಕೆ ಇಷ್ಟು ಡಲ್ ಇದೀರಾ ಎಲ್ರೂ? ಎನರ್ಜಿನೇ ಇಲ್ವಲ್ಲ!’ ಅಂದರು. ಮರುದಿನದಿಂದ ದಿನಾ ಹತ್ತೂವರೆಗೆ ಒಂದು ಹಡಲ್, ಅಂದರೆ ಟೀಮಿನವರೆಲ್ಲ ಒಟ್ಟು ಸೇರುವ ಸಣ್ಣ ಮೀಟಿಂಗ್. ಅಲ್ಲಿಗೆ ನಮ್ಮ ಎರಡು ಗಂಟೆ ಮುಗಿಯಿತು. ಅವರು ಕೆಟ್ಟವರಲ್ಲ. ಸದ್ದಿದ್ದರೆ ಕೆಲಸ ನಡೆಯುತ್ತಿದೆ ಅಂತ ನಂಬಿಕೊಂಡು ಬಂದವರು, ನಾನೂ ಹಾಗೇ ನಂಬಿದ್ದವಳೇ. ಈ ಪತ್ರ ಬರೆಯಲು ಕಾರಣವೇ ಅದು. ಒಬ್ಬ ಲೀಡ್‌ನ ಮನಸ್ಸಿಗೆ ಬಂದಿದ್ದಕ್ಕೆ ಶುರುವಾಗಿ, ಇನ್ನೊಬ್ಬ ಬಾಸ್‌ನ ಮನಸ್ಸಿಗೆ ಬಂದಿದ್ದಕ್ಕೆ ನಿಲ್ಲುವುದಾದರೆ ಅದು ವ್ಯವಸ್ಥೆಯಲ್ಲ, ನಮ್ಮ ಅದೃಷ್ಟ.

ಕೆಲವು ದೇಶಗಳು ಕೆಲಸಗಾರರ ಬಿಡುವನ್ನು ಕಾನೂನಿನಲ್ಲೇ ಬರೆದಿವೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಪ್ರತಿ 24 ಗಂಟೆಗೆ ಸತತ 11 ಗಂಟೆ ಬಿಡುವು ಇರಬೇಕು. ಫ್ರಾನ್ಸ್ 2017ರ ಜನವರಿಯಿಂದ, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ಕೆಲಸಗಾರರ ಜೊತೆ ಮಾತುಕತೆ ನಡೆಸಲೇಬೇಕು ಅಂದಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಉತ್ತರಿಸದೆ ಇದ್ದದ್ದು ವಿನಾಕಾರಣ ಅನ್ನಿಸಿದಾಗ ಬಿಟ್ಟರೆ, ಹೊತ್ತಲ್ಲದ ಹೊತ್ತಿನ ಕರೆಗೆ ಉತ್ತರಿಸದೆ ಇರುವ ಹಕ್ಕು ಕೆಲಸಗಾರರಿಗಿದೆ. ನನಗೆ ಇವುಗಳಲ್ಲಿ ಹೆಚ್ಚು ಹಿಡಿಸಿದ್ದು ಪೋರ್ಚುಗಲ್ 2021ರಲ್ಲಿ ಮಾಡಿದ ಕಾನೂನು. ಅದು ಹೊರೆಯನ್ನು ತಿರುಗಿಸಿ ಹಾಕಿದೆ. ತೀರಾ ಅನಿವಾರ್ಯ ಪರಿಸ್ಥಿತಿ ಬಿಟ್ಟರೆ, ಬಿಡುವಿನ ಹೊತ್ತಿನಲ್ಲಿ ಕೆಲಸಗಾರರನ್ನು ಸಂಪರ್ಕಿಸದೆ ಇರುವುದು ಮಾಲೀಕರ ಕರ್ತವ್ಯ. ಫೋನ್ ಎತ್ತಬೇಕೋ ಬೇಡವೋ ಅಂತ ದಿಂಬಿನ ಮೇಲೆ ತಲೆಯಿಟ್ಟವನು ಯೋಚಿಸಬೇಕಾಗಿಲ್ಲ, ಫೋನ್ ಮಾಡುವವಳು ಯೋಚಿಸಬೇಕು. ಆ ರಾತ್ರಿ ಹನ್ನೊಂದು ಇಪ್ಪತ್ತಕ್ಕೆ ನಾನು ಯೋಚಿಸಬೇಕಿತ್ತು.

ನಿಮ್ಮ ದೇಶದ ಕಾನೂನು ಏನೇ ಇರಲಿ, ಆಫೀಸಿನೊಳಗೆ ಇದನ್ನು ಮಾಡಲು ಯಾರೂ ನಿಮ್ಮ ಕೈ ಹಿಡಿದಿಲ್ಲ. ಮೇಲ್ ಬರೆಯುವುದು ರಾತ್ರಿಯೇ ಆದರೂ ಬೆಳಿಗ್ಗೆ ಹೋಗುವ ಹಾಗೆ ಸಮಯ ಹಾಕಿಟ್ಟರೆ ಆಯಿತು, ಎರಡು ಕ್ಲಿಕ್. ರಜೆಗೆ ಹೋದವರ ಮೇಲ್ ಖಾತೆಯನ್ನು ಅವರು ಬರುವ ತನಕ ಮುಚ್ಚಿಡಿ. ಅವರ ಕೆಲಸಕ್ಕೆ ಇನ್ನೊಬ್ಬರ ಹೆಸರು ಹಾಕಿ, ಆ ಇನ್ನೊಬ್ಬರ ತಲೆಯಿಂದ ಅಷ್ಟೇ ತೂಕದ ಕೆಲಸ ಇಳಿಸಿ. ಈ ಇಳಿಸುವುದನ್ನೇ ನೀವು ಯಾವಾಗಲೂ ಮರೆಯುವುದು. ಹೊಸ ಕೆಲಸ ಕೊಡುವಾಗ ಯಾವುದನ್ನು ಬಿಡಬೇಕು ಅಂತ ಅದೇ ಮಾತಿನಲ್ಲಿ ಹೇಳಿ, ‘ಎರಡನ್ನೂ ಮ್ಯಾನೇಜ್ ಮಾಡಿ’ ಅನ್ನುವುದು ಉತ್ತರವಲ್ಲ. ದಿನದಲ್ಲಿ ಎರಡು ಗಂಟೆ ಎಲ್ಲರಿಗೂ ಒಟ್ಟಿಗೆ ಮೌನ ಕೊಡಿ. ಒಬ್ಬೊಬ್ಬರೇ ‘ಬ್ಯುಸಿ’ ಬೋರ್ಡ್ ಹಾಕಿಕೊಂಡರೆ ಅದು ಅಹಂಕಾರದಂತೆ ಕಾಣುತ್ತದೆ, ಬಾಸ್ ಹಾಕಿಕೊಂಡರೆ ಮಾತ್ರ ಕಾಣುವುದಿಲ್ಲ. ಆ ಎರಡು ಗಂಟೆ ನೀವೂ ಸುಮ್ಮನಿರಬೇಕು. ಇದು ನಿಮಗೆ ಕಷ್ಟವಾಗುತ್ತದೆ ಅಂತ ಗೊತ್ತು.

ನಮ್ಮದು ಕಸ್ಟಮರ್ ಕೇರ್, ನಮ್ಮದು ಆಸ್ಪತ್ರೆ, ನಮಗೆ ಇದೆಲ್ಲ ಆಗಲ್ಲ ಅನ್ನುವವರೂ ಇದ್ದೀರಿ. ಫೋನ್ ಹೊಡೆಯುತ್ತಲೇ ಇರುವ ಕಡೆ ಎಲ್ಲರೂ ಒಟ್ಟಿಗೆ ಮೌನವಾಗಲು ಆಗುವುದಿಲ್ಲ, ಒಪ್ಪಿದೆ. ಸರದಿಯಲ್ಲಿ ಆಗುತ್ತದೆ. ಒಂದು ಕೆಟ್ಟ ಕರೆ ಮುಗಿದ ಮೇಲೆ ಮುಂದಿನ ಕರೆ ತಾನಾಗಿ ಬಂದು ಬೀಳುವ ಮೊದಲು ಮೂರು ನಿಮಿಷ ಬಿಡಲು ಆಗುತ್ತದೆ. ಆನ್‌ಕಾಲ್ ರಾತ್ರಿ ಎದ್ದು ಕೂತವರಿಗೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ಕೇಳದೆ ಇರಲು ಆಗುತ್ತದೆ. ಆಗುವುದಿಲ್ಲ ಅನ್ನುವವರು ಪ್ರಯತ್ನಿಸಿ ಆಗಲಿಲ್ಲ ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಬ್ರಿಟನ್ನಿನಲ್ಲಿ 2022ರಲ್ಲಿ 61 ಸಂಸ್ಥೆಗಳು ಆರು ತಿಂಗಳು ಸಂಬಳ ಕಡಿತವಿಲ್ಲದೆ ವಾರದ ಕೆಲಸದ ಹೊತ್ತು ಕಡಿಮೆ ಮಾಡಿ ನೋಡಿದವು. ಅವಧಿ ಮುಗಿದ ಮೇಲೆ 56 ಸಂಸ್ಥೆಗಳು ಅದನ್ನು ಮುಂದುವರಿಸಿದವು, ಕೆಲಸಗಾರರಲ್ಲಿ ಶೇ 71ರಷ್ಟು ಜನರ ಬರ್ನ್‌ಔಟ್ ಕಡಿಮೆಯಾಗಿತ್ತು. ಅವು ತಾವಾಗಿ ಮುಂದೆ ಬಂದ ಸಂಸ್ಥೆಗಳು, ಮನಸ್ಸಿದ್ದವರು, ಅದು ನನಗೂ ಗೊತ್ತು. ನಿಮ್ಮಿಂದ ಕೇಳುತ್ತಿರುವುದೂ ಆ ಮನಸ್ಸನ್ನೇ.

ಇನ್ನೊಂದು ಮಾತು. ಮೌನ ಎಲ್ಲರಿಗೂ ಒಂದೇ ಥರ ಹಿಡಿಸುವುದಿಲ್ಲ. ನಮ್ಮ ಟೀಮಿನಲ್ಲೇ ಒಬ್ಬರಿದ್ದರು, ಮನೆಯಲ್ಲಿ ಒಬ್ಬರೇ, ಮಾತು ಸಿಗುವುದೇ ಆಫೀಸಿನಲ್ಲಿ. ಅವರಿಗೆ ಆ ಎರಡು ಗಂಟೆ ಹಿಂಸೆ. ಅವರು ಹನ್ನೆರಡಕ್ಕೆ ಸರಿಯಾಗಿ ಎದ್ದು ಎಲ್ಲರ ಮೇಜಿಗೂ ಒಂದೊಂದು ಸುತ್ತು ಹೊಡೆದು ಬರುತ್ತಿದ್ದರು, ನಾವೂ ಕೈಯಲ್ಲಿದ್ದದ್ದು ಬಿಟ್ಟು ಮಾತಾಡುತ್ತಿದ್ದೆವು. ನಿಜ ಹೇಳಬೇಕೆಂದರೆ ಅಷ್ಟು ಒಳ್ಳೆಯ ಹರಟೆ ಅದಕ್ಕೆ ಮೊದಲು ನಮ್ಮಲ್ಲಿ ಇರಲೇ ಇಲ್ಲ.

ಆ ಬಟನ್ ಫೋನ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ನಿಮ್ಮಲ್ಲಿ ಯಾರಾದರೂ ಶುರು ಮಾಡುವುದಾದರೆ ಕೇಳಿ, ಕೊಡುತ್ತೇನೆ. ಚಾರ್ಜರ್ ಮಾತ್ರ ಯಾರೋ ತೆಗೆದುಕೊಂಡು ಹೋಗಿದ್ದಾರೆ.

ಇಂತಿ,
ಹಿಂದೊಮ್ಮೆ ರಾತ್ರಿ ಹನ್ನೊಂದು ಇಪ್ಪತ್ತಕ್ಕೆ ಮೆಸೇಜ್ ಹಾಕುತ್ತಿದ್ದ ಒಬ್ಬ ಟೀಮ್ ಲೀಡ್